ಚಿಕ್ಕವ್ವ ಹಗೇವಿಗೆ ಇಳಿಯದ ವರ್ಷ

ನಮ್ಮ ಮನೆಯ ಅಂಗಳದಲ್ಲಿ, ಕೊಟ್ಟಿಗೆಗೂ ಜಗಲಿಗೂ ನಡುವೆ, ಒಂದು ಚಪ್ಪಡಿ ಕಲ್ಲು ಹಾಸಿತ್ತು. ಅದು ಎಷ್ಟು ದೊಡ್ಡದಿತ್ತು ಎಂಬ ವಿಷಯದಲ್ಲಿ ನನಗೂ ನನ್ನ ಅಕ್ಕ ಸಾಕಮ್ಮನಿಗೂ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದನ್ನು ಸರಿಸಲು ಇಬ್ಬರು ಗಂಡಸರು ಹಾರೆ ಹಾಕಬೇಕಿತ್ತು; ಅಕ್ಕ ಹೇಳುವಂತೆ ನಮ್ಮವ್ವ ಒಬ್ಬಳೇ ಅದನ್ನು ಕಾಲಿನಲ್ಲಿ ತಳ್ಳುತ್ತಿದ್ದಳು. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಆಮೇಲೆ ಕೆಲಸದಲ್ಲಿದ್ದಷ್ಟು ದಿನವೂ ಅದನ್ನೇ ಬೇರೆಯವರಿಗೆ ಹೇಳಿಕೊಟ್ಟವನು ನಾನು. ಒಂದೇ ಕಲ್ಲಿನ ಬಗ್ಗೆ ಇಬ್ಬರು ಸಾಕ್ಷಿಗಳು ಇಷ್ಟು ಬೇರೆ ಬೇರೆ ಹೇಳಿದರೆ ಇಬ್ಬರನ್ನೂ ಪೂರ್ತಿ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಇದನ್ನು ಓದುವವರು ಆ ಮಾತನ್ನು ನನಗೂ ಅನ್ವಯಿಸಿಕೊಳ್ಳಬೇಕು. ಕಲ್ಲಿನ ಕೆಳಗೆ ಏನಿತ್ತು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೆ ತಕರಾರಿಲ್ಲ. ಅಲ್ಲಿ ಹಗೇವು ಇತ್ತು.

ಹಗೇವು ನೋಡದವರಿಗಾಗಿ ಎರಡು ಮಾತು. ಗಟ್ಟಿ ನೆಲದಲ್ಲಿ ಹಂಡೆಯ ಆಕಾರಕ್ಕೆ ಅಗೆದ ಗುಂಡಿ ಅದು. ಬಾಯಿ ಕಿರಿದು, ಒಳಗೆ ಅಗಲ. ಸುಗ್ಗಿಯಾದ ಮೇಲೆ ರಾಗಿಯನ್ನು ಅದರೊಳಗೆ ಸುರಿದು, ಮೇಲೆ ಹುಲ್ಲು ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಹುಳು ಹಿಡಿಯದೆ ವರ್ಷಗಟ್ಟಲೆ ಇರುತ್ತಿತ್ತು. ಮನೆಯೊಳಗಿನ ವಾಡೆಗಳು, ಅಂದರೆ ಆಳೆತ್ತರದ ಮಣ್ಣಿನ ಗುಡಾಣಗಳು, ಬರಿದಾಗುತ್ತ ಬಂದಾಗ ವರ್ಷಕ್ಕೊಮ್ಮೆ ಹಗೇವು ತೆಗೆಯುತ್ತಿದ್ದರು. ಕಲ್ಲು ಸರಿಸಿದ ತಕ್ಷಣ ಯಾರೂ ಇಳಿಯುವಂತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತಿತ್ತು. ಅದನ್ನು ಎಳೆದುಕೊಂಡವರು ಕೂಗುವುದಕ್ಕೂ ಆಗದೆ ಕುಸಿಯುತ್ತಿದ್ದರು. ಒಂದು ದಿನವಿಡೀ ಬಾಯಿ ತೆರೆದಿಟ್ಟು, ಮಾರನೆಯ ಬೆಳಗ್ಗೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯರು ಇಳಿಯಬಹುದು. ಆದರೆ ದೀಪವೂ ಒಮ್ಮೊಮ್ಮೆ ಮೋಸ ಮಾಡುತ್ತಿತ್ತು. ರಾಗಿ ಕೆದಕುತ್ತ ಹೋದಂತೆ ಅಡಿಯಿಂದ ಕೆಟ್ಟ ಗಾಳಿ ಏಳುತ್ತಿತ್ತು. ಅದಕ್ಕೇ ಇಳಿದವರ ಸೊಂಟಕ್ಕೆ ಒಂದು ಹಗ್ಗ. ಬಾಯಿಯ ಬಳಿ ಒಬ್ಬರು ಕುಳಿತು ಅವರನ್ನು ಮಾತಾಡಿಸುತ್ತಲೇ ಇರಬೇಕು. ಕೆಳಗಿನಿಂದ ಉತ್ತರ ಬರುವುದು ನಿಂತರೆ ಹಗ್ಗ ಎಳೆಯಬೇಕು. ನಮ್ಮ ಮನೆಯಲ್ಲಿ ಇಳಿಯುತ್ತಿದ್ದವಳು ಚಿಕ್ಕಪ್ಪನ ಹೆಂಡತಿ ದೇವೀರಮ್ಮ, ನನ್ನ ಚಿಕ್ಕವ್ವ. ಮಾತಾಡಿಸುತ್ತಿದ್ದವನು ನಾನು.

ಊರು ರಾವಂದೂರಿನಿಂದ ಎರಡು ಮೈಲಿ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾವು ಐದು ಜನ ಮಕ್ಕಳು, ಚಿಕ್ಕಪ್ಪ, ಚಿಕ್ಕವ್ವ. ನಡುಮನೆಯ ಒಂದು ಗೋಡೆಯ ಉದ್ದಕ್ಕೂ ವಾಡೆಗಳ ಸಾಲು; ಅವುಗಳ ಹಿಂದೆ ಬೆಕ್ಕು ಮರಿ ಹಾಕುತ್ತಿತ್ತು, ನಾವು ಬಚ್ಚಿಟ್ಟುಕೊಳ್ಳುತ್ತಿದ್ದೆವು. ಅವ್ವನ ಪಕ್ಕ ಯಾವಾಗಲೂ ಒಂದು ಹಸುಗೂಸು ಇರುತ್ತಿದ್ದುದರಿಂದ ಅದರ ಮೇಲಿನ ಮಗು ಚಿಕ್ಕವ್ವನ ಚಾಪೆಗೆ ಹೋಗಬೇಕೆಂಬುದು ಮನೆಯ ಕ್ರಮ. ಹೊಸ ಮಗು ಹುಟ್ಟಿದಾಗ ಹಳೆಯದು ಒಂದು ಚಾಪೆ ಆಚೆಗೆ ಸರಿಯುತ್ತಿತ್ತು. ಹಾಗೆ ಸರಿದು ಹೋದವನು ನಾನು, ಮತ್ತೆ ವಾಪಸು ಬರಲಿಲ್ಲ. ಚಿಕ್ಕವ್ವನ ಸೆರಗಿಗೆ ಹರಳೆಣ್ಣೆ ಮತ್ತು ಎಲೆ ಅಡಿಕೆಯ ವಾಸನೆ ಇತ್ತು ಎಂದು ಬರೆಯುವುದಕ್ಕೆ ಹೊರಟೆ. ಅದು ನಿಜವಾಗಿ ಅಜ್ಜಿಯ ಸೆರಗಿನ ವಾಸನೆ ಇರಬಹುದು. ಚಿಕ್ಕವ್ವ ನಗುತ್ತಿದ್ದುದು ಮಾತ್ರ ಖಂಡಿತ ನೆನಪಿದೆ. ಮುದ್ದೆ ತಿರುವುವಾಗ ಕೋಲು ಜಾರಿ ಹಿಟ್ಟು ಮುಖಕ್ಕೆ ಹಾರಿದರೂ ನಗುತ್ತಿದ್ದಳು. ತನ್ನದೇ ಆದ ಆರೇಳು ಕೋಳಿಗಳಿದ್ದವು; ಅವುಗಳಿಗೆ ಊರಿನ ಹೆಂಗಸರ ಹೆಸರಿಟ್ಟಿದ್ದಳು. ಅತಿ ಜಂಬದ ಹುಂಜಕ್ಕೆ ಶಾನುಭೋಗರ ಹೆಸರು. ಅದು ಬೇಲಿ ಹಾರಿ ಓಡಿದಾಗ ಅವಳು ಬೀದಿಯಲ್ಲಿ ಅದನ್ನು ಬೈದು ಕರೆಯುವುದನ್ನು ಕೇಳಿ ಅಪ್ಪ ಮನೆಯೊಳಗೆ ಸೇರಿಕೊಳ್ಳುತ್ತಿದ್ದ.

ಮಕ್ಕಳಿಲ್ಲದವಳು ಹಗೇವಿಗೆ ಇಳಿಯಬೇಕೆಂದು ಯಾರೂ ಎಂದೂ ಕುಳಿತು ತೀರ್ಮಾನಿಸಿರಲಿಲ್ಲ. ಆ ಕ್ರಮ ಹೇಗೆ ಬಂತೆಂದು ನಾನು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಂಡೆ. ನಾನು ಹುಟ್ಟುವ ಮುಂಚೆ ನಮ್ಮ ಮನೆಯ ಆಳು ಒಬ್ಬ ಇಳಿಯುತ್ತಿದ್ದ. ಒಂದು ವರ್ಷ ದೀಪ ಉರಿದಿತ್ತು, ಅವನು ಇಳಿದ, ಮೇಲೆ ಬಂದದ್ದು ಹೆಣ. ಅವನಿಗೆ ಮೂರು ಮಕ್ಕಳು. ಮೂರೂ ನಮ್ಮ ಅಂಗಳದ ಹೊರಗೆ ಸಾಲಾಗಿ ನಿಂತಿದ್ದವಂತೆ. ಅಜ್ಜಿ ಅದನ್ನು ನೋಡಿದವಳು. ಅವತ್ತಿನಿಂದ ಮಕ್ಕಳಿರುವ ಯಾರೂ, ಮನೆಯವರಾಗಲಿ ಆಳಾಗಲಿ, ತನ್ನ ಹಗೇವಿಗೆ ಇಳಿಯಬಾರದು ಎಂದು ಅವಳು ಹೇಳಿಬಿಟ್ಟಳು. ಮದುವೆಯಾಗದ ಹುಡುಗರೂ ಬೇಡ, ಅವರ ಬಾಳು ಇನ್ನೂ ಮುಂದಿದೆ. ಆ ಸುಗ್ಗಿಗೆ ಚಿಕ್ಕವ್ವ ಹೊಸ ಸೊಸೆಯಾಗಿ ಗುರುಪುರದಿಂದ ಬಂದಿದ್ದಳು. ತೆಳ್ಳಗಿದ್ದಳು, ಹಗೇವಿನ ಬಾಯಿ ಕಿರಿದು. ಹೊಸ ಸೊಸೆ ಮೊದಲ ಮೊರ ರಾಗಿ ಮೇಲೆ ಕೊಟ್ಟರೆ ಒಳ್ಳೆಯದೇ ಎಂದು ಯಾರೋ ಹೇಳಿದರು. ಅವಳು ನಗುತ್ತ ಇಳಿದಳು. ಮಾರನೆಯ ವರ್ಷವೂ ಇಳಿದಳು, ಅದರ ಮಾರನೆಯ ವರ್ಷವೂ ಇಳಿದಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಸ ಸೊಸೆಯ ಗೌರವವಾಗಿದ್ದದ್ದು ಬಂಜೆಯ ಕೆಲಸವಾಗಿತ್ತು, ಯಾವ ವರ್ಷ ಬದಲಾಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ದಯೆಯಿಂದ ಹುಟ್ಟಿದ ನಿಯಮ ಅದು. ಅಜ್ಜಿಯನ್ನು ಕೆಟ್ಟವಳೆಂದು ಓದುಗರು ತಿಳಿಯದಿರಲಿ ಎಂದು ಇದನ್ನು ಹೇಳಿದೆ. ಇನ್ನೊಂದು ಸಂಗತಿ ನನಗೆ ಕಾಲೇಜಿಗೆ ಹೋದ ಮೇಲೆ ಹೊಳೆಯಿತು: ಚಿಕ್ಕವ್ವನಿಗೆ ಮಕ್ಕಳಿಲ್ಲ ಎಂದರೆ ಚಿಕ್ಕಪ್ಪನಿಗೂ ಮಕ್ಕಳಿರಲಿಲ್ಲ. ಅವನನ್ನು ಇಳಿಯಲು ಯಾರೂ ಹೇಳಿರಲಿಲ್ಲ. ಅವನ ಹೆಗಲು ಅಗಲ, ಬಾಯಿ ಹಿಡಿಸುವುದಿಲ್ಲ ಎಂಬುದು ಮನೆಯ ಮಾತು.

ಊರು ಅವಳನ್ನು ನೋಡುತ್ತಿದ್ದ ರೀತಿಯೇ ವಿಚಿತ್ರ. ಬೇರೆ ಮನೆಗಳ ತೊಟ್ಟಿಲ ಶಾಸ್ತ್ರಕ್ಕೆ ಅಜ್ಜಿಯನ್ನೂ ಅವ್ವನನ್ನೂ ಕರೆಯುತ್ತಿದ್ದರು. ಕರೆಯಲು ಬಂದವರು ಚಿಕ್ಕವ್ವ ಒಲೆಯ ಮುಂದೆ ಇರುವ ಹೊತ್ತನ್ನೇ ನೋಡಿಕೊಂಡು ಬರುತ್ತಿದ್ದರು. ಮಗುವಿಗೆ ಹಾಲು ಕೊಡುತ್ತಿದ್ದ ಹೆಂಗಸು ಅವಳು ಬಂದರೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಅದೇ ಹೆಂಗಸು ಅದೇ ಮಗುವಿಗೆ ಜ್ವರ ಬಂದರೆ ಎತ್ತಿಕೊಂಡು ನೇರವಾಗಿ ಇವಳ ಹತ್ತಿರ ಓಡಿ ಬರುತ್ತಿದ್ದಳು, ದೇವೀರಮ್ಮನ ಕೈ ತಂಪು ಎಂದು. ಅಮ್ಮ ಬಂದ, ಅಂದರೆ ಸಿಡುಬು ಎದ್ದ, ಮನೆಗಳಲ್ಲಿ ಬೇವಿನ ಸೊಪ್ಪು ಹಿಡಿದು ರೋಗಿಯ ಪಕ್ಕ ಕೂರುವುದಕ್ಕೆ ಅವಳೇ ಬೇಕು. ಎರಡಕ್ಕೂ ಕಾರಣ ಒಂದೇ. ಅವಳಿಗೆ ತನ್ನದೆಂಬ ಕೂಸಿಲ್ಲ; ಅದಕ್ಕೇ ಅವಳ ಕಣ್ಣಿಗೆ ಹೆದರಿಕೆ, ಅದಕ್ಕೇ ಅವಳು ಸೋಂಕು ಹೊತ್ತು ಮನೆಗೆ ಹೋದರೂ ನಷ್ಟವಿಲ್ಲ. ಆ ಸೋಂಕು ಅವಳಿಗೇ ತಗಲಬಹುದೆಂದು ಯಾರಾದರೂ ಯೋಚಿಸಿದ್ದರೋ ಇಲ್ಲವೋ ತಿಳಿಯದು. ಈ ಲೆಕ್ಕಾಚಾರ ನನಗೆ ಅನುಭವದಿಂದಲೂ ಗೊತ್ತು. ನನಗೂ ನನ್ನ ಹೆಂಡತಿಗೂ ಮಕ್ಕಳಿಲ್ಲ. ಹಬ್ಬದ ದಿನದ ಪರೀಕ್ಷೆಯ ಮೇಲ್ವಿಚಾರಣೆ, ಪ್ಲೇಗು ಬಂದ ಊರಿನ ಪರೀಕ್ಷಾ ಕೇಂದ್ರದ ತನಿಖೆ, ಹೆಗ್ಗಡದೇವನಕೋಟೆಯ ಕಾಡಿನಂಚಿಗೆ ಮಳೆಗಾಲದಲ್ಲಿ ಹೋಗಿಬರುವುದು, ಇವೆಲ್ಲ ಬಹಳ ಪ್ರೀತಿಯಿಂದ ನನ್ನ ಪಾಲಿಗೆ ಬರುತ್ತಿದ್ದವು. ನಿಮಗೇನು, ಫ್ರೀ ಇದೀರಿ ಎಂದು ನಗುತ್ತ ಹೇಳುತ್ತಿದ್ದ ಸಹೋದ್ಯೋಗಿಯ ಮುಖ ನೋಡಿದಾಗೆಲ್ಲ ನನಗೆ ಆ ಚಪ್ಪಡಿ ಕಲ್ಲು ನೆನಪಾಗುತ್ತಿತ್ತು.

ಈಗ ಚಿಕ್ಕವ್ವ ಇಳಿಯದ ವರ್ಷದ ಹಿಂದಿನ ವರ್ಷದ ಒಂದು ಸಂಗತಿ. ನನಗೆ ಆರೋ ಏಳೋ. ಚಿಕ್ಕವ್ವ ಕೆಳಗಿದ್ದಳು. ಅಪ್ಪ, ಚಿಕ್ಕಪ್ಪ ಬಿದಿರಿನ ಮಕ್ಕರಿ ಎಳೆದು ರಾಗಿ ಸುರಿಯುತ್ತಿದ್ದರು; ಅವ್ವ, ಅಜ್ಜಿ ಅದನ್ನು ಹರಡುತ್ತಿದ್ದರು. ನಾನು ಬಾಯಿಯ ಪಕ್ಕ ಬೋರಲು ಮಲಗಿ ಮಾತಾಡಿಸುತ್ತಿದ್ದೆ. ನನ್ನ ಮಾತು ಎಂದರೆ ಏನು, ಬರೀ ಪ್ರಶ್ನೆಗಳು. ಚಿಕ್ಕವ್ವಾ ಅಲ್ಲಿ ಹಾವೈತಾ, ಚಿಕ್ಕವ್ವಾ ಅಲ್ಲಿ ಕತ್ತಲೆ ಐತಾ, ಚಿಕ್ಕವ್ವಾ ನಿನ್ನ ಕಾಲು ಕಾಣ್ತದಾ. ಅವಳು ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮೋಟಾರಿನ ಹಾರನ್ ಕೇಳಿಸಿತು. ಪಿರಿಯಾಪಟ್ಟಣಕ್ಕೆ ಆಗಷ್ಟೇ ಬಸ್ಸು ಶುರುವಾಗಿತ್ತು, ನಮ್ಮೂರ ಕಡೆ ಅದು ಬರುತ್ತಿರಲಿಲ್ಲ. ಅವತ್ತು ಯಾಕೋ ದಾರಿ ತಪ್ಪಿ ಬಂದಿತ್ತು. ನಾನು ಎದ್ದು ಓಡಿದೆ. ಬಸ್ಸಿನ ಹಿಂದೆ ಧೂಳಿನಲ್ಲಿ ಎಷ್ಟು ದೂರ ಓಡಿದೆನೋ. ವಾಪಸು ಬಂದಾಗ ಚಿಕ್ಕವ್ವನನ್ನು ಮೇಲೆ ಎಳೆದು ಜಗಲಿಯ ಮೇಲೆ ಮಲಗಿಸಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಕೂತು ನೀರು ಕುಡಿದಳು, ನಕ್ಕಳು, ತಲೆ ತಿರುಗಿತು ಅಷ್ಟೆ ಎಂದಳು. ನನ್ನನ್ನು ಯಾರೂ ಬೈಯಲಿಲ್ಲ. ಅಕ್ಕ ಹೇಳುವ ಪ್ರಕಾರ ಬಸ್ಸು ಬಂದದ್ದು ಬೇರೆ ದಿನ. ಅವತ್ತು ನಾನು ಬಾಯಿಯ ಬಳಿಯೇ ಇದ್ದೆ, ಚಿಕ್ಕವ್ವ ಉತ್ತರ ಕೊಡದಿದ್ದಾಗ ಕೂಗಿ ಹೇಳಿದವನೇ ನಾನು. ಅಕ್ಕನ ಮಾತು ನಿಜವಿದ್ದರೆ ನಾನು ಅವಳನ್ನು ಉಳಿಸಿದವನು. ನನ್ನ ನೆನಪು ನಿಜವಿದ್ದರೆ ಕೊಲ್ಲುವುದರಲ್ಲಿದ್ದವನು. ಇಷ್ಟು ವರ್ಷ ಯೋಚಿಸಿಯೂ ನನಗೆ ಇದು ಇತ್ಯರ್ಥವಾಗಿಲ್ಲ.

ಮಾರನೆಯ ವರ್ಷ ಚಿಕ್ಕವ್ವ ಎರಡು ತಿಂಗಳು ಗುರುಪುರದಲ್ಲಿ ತವರಿನಲ್ಲಿದ್ದಳು, ಅವಳ ತಾಯಿಗೆ ಕಾಲು ಮುರಿದಿತ್ತು. ಅವಳು ತಿರುಗಿ ಬಂದು ಎರಡು ದಿನಕ್ಕೆ ಹಗೇವು ತೆಗೆದರು. ದೀಪ ಇಳಿಬಿಟ್ಟರು, ಚೆನ್ನಾಗಿ ಉರಿಯಿತು. ಚಿಕ್ಕವ್ವ ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಬಾಯಿಯ ಅಂಚಿಗೆ ಬಂದು ಕುಳಿತು ಕಾಲು ಇಳಿಬಿಟ್ಟಳು. ನಾನು ನನ್ನ ಜಾಗದಲ್ಲಿ ಮಲಗಿದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಅಥವಾ ನೋಡಿದಳೆಂದು ನಾನು ಆಮೇಲೆ ಸೇರಿಸಿಕೊಂಡೆ. ಕಾಲು ಮೇಲೆ ಎಳೆದುಕೊಂಡು ಎದ್ದು ನಿಂತಳು.

“ನಾನು ಇಳಿಯಾಕಿಲ್ಲ.”

ಎಲ್ಲರೂ ಕೆಲಸ ನಿಲ್ಲಿಸಿದರು. ಅಜ್ಜಿ ಮೊರ ಕೆಳಗಿಟ್ಟು ಹತ್ತಿರ ಬಂದಳು. ಅಜ್ಜಿಯ ಯೋಚನೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಾನು ಈಗ ಸುಲಭವಾಗಿ ಬಿಡಿಸಿ ಹೇಳಬಲ್ಲೆ. ಮಕ್ಕಳಿರುವವರು ಇಳಿಯುವುದಿಲ್ಲ, ಇವಳು ಇಳಿಯುವುದಿಲ್ಲ ಅನ್ನುತ್ತಿದ್ದಾಳೆ, ಅಂದಮೇಲೆ. ಪರೀಕ್ಷೆಯಲ್ಲಿ ಯಾವ ಹುಡುಗನಾದರೂ ಹೀಗೆ ಬರೆದರೆ ಸೊನ್ನೆ ಕೊಡುತ್ತಿದ್ದೆ. ಆದರೆ ಆ ಅಂಗಳದಲ್ಲಿ ನಿಂತಿದ್ದ ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಮ್ಮಲ್ಲಿ ಹೆಂಗಸರು ತಿಂಗಳ ಮೂರು ದಿನ ಕೊಟ್ಟಿಗೆಯ ಪಕ್ಕದ ಸಣ್ಣ ಜಗಲಿಯಲ್ಲಿ ಕೂರುತ್ತಿದ್ದುದರಿಂದ ಯಾರ ಲೆಕ್ಕ ಏನೆಂದು ಮನೆಗೆಲ್ಲ ತಿಳಿದಿರುತ್ತಿತ್ತು. ಚಿಕ್ಕವ್ವ ಎರಡು ತಿಂಗಳು ಇಲ್ಲಿರಲಿಲ್ಲ, ಅವಳ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಅವಳ ಸೊಂಟದ ಹಗ್ಗವನ್ನು ತಾನೇ ಬಿಚ್ಚತೊಡಗಿದಳು. ಆ ಗಂಟು ಬಿಗಿಯಾಗಿತ್ತು.

“ಎಷ್ಟು ತಿಂಗ್ಳಾಯ್ತೇ ದೇವೀರಿ? ಒಂದು ಮಾತು ಯೋಳ್ಬಾರ್ದಾ? ಇಂಗೆ ಹಗ್ಗ ಬಿಗ್ಕಂಡು ನಿಂತಿದ್ದೀಯಲ್ಲೇ, ಹೊಟ್ಟೆಗೆ.”

ಚಿಕ್ಕವ್ವ ನೆಲ ನೋಡಿದಳು. ಅದು ನಾಚಿಕೆಯ ಹಾಗೆ ಕಂಡಿರಬೇಕು. ಅವ್ವ ಬಂದು ಅವಳ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು. ಚಿಕ್ಕಪ್ಪ ಖಾಲಿ ಮಕ್ಕರಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಕಲ್ಲನ್ನು ಮತ್ತೆ ಮುಚ್ಚಿದರು. ವಾಡೆಯ ತಳದಲ್ಲಿದ್ದ ರಾಗಿಯನ್ನು ಹಿಗ್ಗಿಸಿ, ಹುರುಳಿ ಬೆರೆಸಿ, ಹೇಗೋ ದಿನ ತಳ್ಳೋಣ, ಆಮೇಲೆ ಯಾರನ್ನಾದರೂ ಹುಡುಕೋಣ ಎಂದು ಅಪ್ಪ ಹೇಳಿದ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಹುರುಳಿ ಬೆರೆತ ಮುದ್ದೆಯನ್ನು ಎಲ್ಲರೂ ತಿಂದರು, ಚಿಕ್ಕವ್ವನ ತಟ್ಟೆಗೆ ಮಾತ್ರ ಕೆಂಪಕ್ಕಿ ಅನ್ನ, ಬೆಲ್ಲ, ಮೊಟ್ಟೆ. ಅವಳ ಕೋಳಿಗಳ ಮೊಟ್ಟೆಯನ್ನು ಅವಳಿಗೇ ಬೇಯಿಸಿ ಕೊಟ್ಟದ್ದು ಅದೇ ಮೊದಲು. ಬಾವಿಯ ಹಗ್ಗ ಮುಟ್ಟಗೊಡಲಿಲ್ಲ. ಚಿಕ್ಕಪ್ಪ ಪಿರಿಯಾಪಟ್ಟಣದ ಸಂತೆಯಿಂದ ಅವಳಿಗೆ ಒಂದು ಕುಪ್ಪಸದ ಕಣ ತಂದ. ತಂದು ಕೈಗೆ ಕೊಡಲಾರದೆ ವಾಡೆಯ ಮೇಲಿಟ್ಟು ಹೋದ. ಪಕ್ಕದ ಮನೆಯವರು ತಮ್ಮ ಮೊಮ್ಮಗುವಿನ ತೊಟ್ಟಿಲಿಗೆ ಕರೆಯಲು ಬಂದವರು ನೇರವಾಗಿ ಒಲೆಯ ತನಕ ಬಂದು, ದೇವೀರಮ್ಮ ನೀನೇ ಮೊದಲು ತೊಟ್ಟಿಲು ತೂಗಬೇಕು ಎಂದರು. ಅವಳು ಹೋಗಿ ಬಂದಳು. ಬಂದವಳು ಸೀರೆಯನ್ನೂ ಬದಲಿಸದೆ ಹಿತ್ತಿಲಲ್ಲಿ ಕೋಳಿಗಳ ನಡುವೆ ಕುಳಿತಿದ್ದಳು. ಖುಷಿಯಾಗಿದ್ದಳೇ? ನಾನು ಆ ಮುಖವನ್ನು ನೆನಪಿನಲ್ಲಿ ಎಷ್ಟು ಸಲ ಹತ್ತಿರಕ್ಕೆ ತಂದು ನೋಡಿದ್ದೇನೆ. ಯಾವುದೋ ಹೊಸ ಊರನ್ನು ನೋಡಿ ಬಂದವರ ಮುಖದ ಹಾಗಿತ್ತು. ನನಗಂತೂ ಆ ಮೂರು ವಾರ ನರಕ. ಬಸುರಿಯ ಪಕ್ಕ ಒದೆಯುವ ಹುಡುಗ ಮಲಗಬಾರದೆಂದು ನನ್ನನ್ನು ಅವಳ ಚಾಪೆಯಿಂದ ಎಬ್ಬಿಸಿ ಅಕ್ಕನ ಪಕ್ಕಕ್ಕೆ ಹಾಕಿದರು. ಹುಟ್ಟಲಿರುವ ಮಗುವನ್ನು ನಾನು ಮನಸಾರೆ ದ್ವೇಷಿಸಿದೆ. ಅಕ್ಕನಿಗೆ ಒದ್ದೆ.

ಒಂದು ದಿನ ಮಧ್ಯಾಹ್ನ ಕೆರೆಯಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದಳು. ಭಾರದ ಬಟ್ಟೆಯೆಲ್ಲ ಅವ್ವನ ಪಾಲಾಗಿದ್ದರಿಂದ ಅವಳ ಹತ್ತಿರ ಇದ್ದದ್ದು ಮಕ್ಕಳ ನಾಲ್ಕು ಅಂಗಿ. ನಾನು ನನ್ನ ಪ್ರಶ್ನೆಯನ್ನು ಕೇಳಿದೆ.

“ಮಗ ಬಂದ್ಮ್ಯಾಲೆ ನಾನೆಲ್ಲಿ ಮನೀಕಳ್ಳಿ ಚಿಕ್ಕವ್ವಾ?”

“ಮುಂಚೆ ಎಲ್ಲಿ ಮನೀಕತಿದ್ದೋ ಅಲ್ಲೇ.”

“ಮಗ ಎಲ್ಲಿ ಮನೀಕತದೆ?”

ಅವಳು ಅಂಗಿ ಹಿಂಡಿ ಕಲ್ಲಿನ ಮೇಲೆ ಹರಡಿದಳು. ನನ್ನನ್ನು ಹತ್ತಿರ ಕರೆದು ಪಕ್ಕಕ್ಕೆ ಕೂರಿಸಿಕೊಂಡಳು.

“ಬೋರ, ನಾನು ಎಂಗೆ ಕಾಣ್ತೀನ್ಲಾ ಈಗ? ಬ್ಯಾರೆಯೋಳ ತರ ಕಾಣ್ತೀನಾ?”

ಇಲ್ಲ ಅಂದೆ.

“ನಂಗೂ ಅಂಗೇ ಅನ್ಸುತ್ತೆ. ಮುಂಚೆ ನನ್ನ ಯಾರೂ ನೋಡ್ತಿರ್ನಿಲ್ಲ. ಈಗ್ಲೂ ನನ್ನ ನೋಡಾಕಿಲ್ಲ ಕಣ್ಲಾ, ಹೊಟ್ಟೆ ನೋಡ್ತಾರೆ.”

ಇದನ್ನು ಅಕ್ಕ ನಂಬುವುದಿಲ್ಲ. ಅಷ್ಟು ಸಣ್ಣ ಹುಡುಗನ ಹತ್ತಿರ ಯಾವ ಹೆಂಗಸು ಹಾಗೆ ಮಾತಾಡುತ್ತಾಳೆ, ನೀನು ಓದಿದವನು, ಎಲ್ಲವನ್ನೂ ಚೆಂದ ಮಾಡಿ ಹೇಳುತ್ತೀಯ ಎನ್ನುತ್ತಾಳೆ. ಇರಬಹುದು. ಆದರೆ ಮಾತಾಡಲು ಆ ಮನೆಯಲ್ಲಿ ಅವಳಿಗೆ ಇನ್ನು ಯಾರಿದ್ದರು?

ಮುಂದಿನದು ನಡೆದಾಗ ನಾನು ಅಲ್ಲಿರಲಿಲ್ಲ, ರಾವಂದೂರಿನ ಶಾಲೆಯಲ್ಲಿದ್ದೆ ಎಂದು ಅಕ್ಕನ ಹಟ. ನನಗಾದರೆ ಪ್ರತಿಯೊಂದು ಮಾತೂ ನೆನಪಿದೆ. ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದ್ದನ್ನೇ ನಾನು ಕಂಡದ್ದಾಗಿ ಇಟ್ಟುಕೊಂಡಿರಬಹುದು. ಈ ಸಲ ಅವಳ ಪಕ್ಷವೇ ಬಲವಾಗಿದೆ. ಬೆಳಗಿನ ಹೊತ್ತು. ಅವತ್ತು ಗುರುಪುರಕ್ಕೆ ಹೇಳಿಕಳಿಸಬೇಕು, ಬಯಕೆಯ ಊಟ ತರುವುದಕ್ಕೆ ಅವಳ ತಮ್ಮ ಬರಲಿ ಎಂದು ಅಜ್ಜಿ ಜಗಲಿಯಲ್ಲಿ ಕುಳಿತು ಅಪ್ಪನಿಗೆ ಹೇಳುತ್ತಿದ್ದಳು. ಚಿಕ್ಕವ್ವ ಒಳಗಿನಿಂದ ಬಂದಳು. ಒಂದು ಹಳೆಯ ಚಾಪೆ, ಒಂದು ಚೊಂಬು ಕೈಯಲ್ಲಿ. ಎಲ್ಲರ ಮುಂದೆ ಅಂಗಳ ದಾಟಿ, ಆ ಚಪ್ಪಡಿ ಕಲ್ಲನ್ನು ದಾಟಿ, ಕೊಟ್ಟಿಗೆಯ ಪಕ್ಕದ ಸಣ್ಣ ಜಗಲಿಯ ಮೇಲೆ ಚಾಪೆ ಹಾಸಿ ಕುಳಿತಳು. ಅಪ್ಪ ಎದ್ದು ಹೊಲದ ಕಡೆ ಹೊರಟುಹೋದ. ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳು ಅಲ್ಲಿಗೆ ಹೋಗಿ, ಮುಟ್ಟಬಾರದೆಂಬುದನ್ನೂ ಮರೆತು, ಸೊಸೆಯ ತಲೆ ಹಿಡಿದುಕೊಂಡು ಅಳತೊಡಗಿದಳು.

“ಓಯ್ತೇನೇ ನನ್ ಕಂದಾ? ಉಳೀನಿಲ್ವಾ? ಅಳ್ಬ್ಯಾಡ ಕಣೇ. ಒಂದು ನಿಂತಿತ್ತು ಅಂದ್ರೆ ಇನ್ನೊಂದು ನಿಲ್ತದೆ.”

ಅವ್ವನೂ ಬಂದು ಅಳುತ್ತಿದ್ದಳು. ಚಿಕ್ಕವ್ವ ಈಗ ಸುಮ್ಮನಿದ್ದರೆ ಸಾಕಾಗಿತ್ತು. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತಲೆ ತಗ್ಗಿಸಿ ಕುಳಿತಿದ್ದರೆ ಒಂದು ಮಗು ಕಳೆದುಕೊಂಡವಳಾಗುತ್ತಿದ್ದಳು. ಬಂಜೆ ಎಂಬ ಮಾತು ಅವಳನ್ನು ಬಿಟ್ಟುಹೋಗುತ್ತಿತ್ತು. ತೊಟ್ಟಿಲಿಗೆ ಕರೆ ಬರುತ್ತಿತ್ತು. ಬಿಸಿನೀರು, ಬೆಳ್ಳುಳ್ಳಿ ಸಾರು, ಎಲ್ಲರ ಮರುಕ, ಎಲ್ಲ ಸಿದ್ಧವಾಗಿ ನಿಂತಿತ್ತು. ಹಗೇವಿಗೂ ಮತ್ತೆ ಯಾರೂ ಇಳಿಸುತ್ತಿರಲಿಲ್ಲ. ಅವಳು ಅಜ್ಜಿಯ ಕೈಯನ್ನು ತಲೆಯಿಂದ ಮೆಲ್ಲಗೆ ತೆಗೆದಳು.

“ಓಗಾಕೆ ಏನೂ ಇರ್ನಿಲ್ಲ ಕಣತ್ತೆ. ನಾನೊಬ್ಳೇ ಇದ್ದದ್ದು. ನಂಗೆ ಭಯ ಆಯ್ತು, ಅದ್ಕೆ ಇಳೀನಿಲ್ಲ.”

ಅಜ್ಜಿ ಅಳುವುದು ನಿಂತಿತು. ಮೂರು ವಾರದ ಮೊಟ್ಟೆ, ಬೆಲ್ಲ, ಊರಿಗೆಲ್ಲ ಹೇಳಿಕೊಂಡು ಬಂದದ್ದು, ಎಲ್ಲವೂ ಅವಳ ಮುಖಕ್ಕೆ ಬಂತು.

“ಭಯ ಯಾಕ್ಲೇ ನಿಂಗೆ? ನೀನೋದ್ರೆ ಯಾವ ಮಕ್ಕಳು ಬೀದಿಗೆ ಬೀಳ್ತವೆ?”

“ಅಳಾಕೆ ಮಕ್ಕಳಿಲ್ಲ ಅಂದ್ರೆ ಸಾಯ್ಬೌದಾ ಅತ್ತೆ?”

ಅವಳು ಅದನ್ನು ಜಗಳದ ದನಿಯಲ್ಲಿ ಕೇಳಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ನಿಜವಾಗಿಯೂ ಉತ್ತರ ಬೇಕಾದವಳ ಹಾಗೆ ಕೇಳಿದಳಂತೆ. ಅಜ್ಜಿ ಅಲ್ಲಿಂದ ಎದ್ದು ಬಂದು ಒಳಗೆ ಮಲಗಿದಳು. ಮೂರು ದಿನ ಅವಳು ಚಿಕ್ಕವ್ವನ ಜೊತೆ ಮಾತಾಡಲಿಲ್ಲ, ಆದರೆ ಕೊಟ್ಟಿಗೆಯ ಜಗಲಿಗೆ ಊಟ ಕಳಿಸುವುದನ್ನು ಬೇರೆಯವರಿಗೆ ಬಿಡಲೂ ಇಲ್ಲ. ಪಕ್ಕದ ಮನೆಯವರು ವಿಷಯ ಕೇಳಿ, ತೊಟ್ಟಿಲು ತೂಗಿಸಿದ್ದು ತಪ್ಪಾಯಿತೆಂದು ಮಗುವಿಗೆ ದೃಷ್ಟಿ ತೆಗೆಸಿದರು. ಮೆಣಸಿನಕಾಯಿಯ ಘಾಟು ನಮ್ಮ ಹಿತ್ತಿಲ ತನಕ ಬಂತು. ಚಿಕ್ಕವ್ವ ಕೆಮ್ಮಿದಳು, ಕೋಳಿಗಳೂ ಕೆಮ್ಮಿದವು. ಹುಂಜದ ಕಡೆ ನೋಡಿ, ಶಾನುಭೋಗರಿಗೆ ದೃಷ್ಟಿಯಾಗಿತ್ತೋ ಏನೋ, ಈಗ ವಾಸಿಯಾಗಲಿ ಎಂದಳು. ಅವ್ವ ನಗು ತಡೆಯಲಾರದೆ ಒಳಗೆ ಓಡಿದಳು. ಚಿಕ್ಕಪ್ಪ ಮಾತ್ರ ಯಾರೊಂದಿಗೂ ಮಾತಾಡದೆ, ಕೊಟ್ಟಿಗೆಯ ಇನ್ನೊಂದು ತುದಿಯಲ್ಲಿ ಎತ್ತಿನ ಮೈ ಉಜ್ಜುತ್ತ ಮೂರು ದಿನ ಕಳೆದ. ಆ ಎತ್ತು ಅಷ್ಟು ಚೊಕ್ಕಟವಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ. ಅವನ ದುಃಖ ಎಷ್ಟಿತ್ತೆಂದು ಯಾರೂ ಕೇಳಲಿಲ್ಲ. ಗಂಡಸಿಗೆ ಮಕ್ಕಳಿಲ್ಲದಿರುವುದು ನಮ್ಮ ಮನೆಯಲ್ಲಿ ಮಾತಿನ ವಿಷಯವೇ ಆಗಿರಲಿಲ್ಲ.

ಚಿಕ್ಕವ್ವ ಮಿಂದು ಒಳಗೆ ಬಂದ ದಿನ ವಾಡೆಯಲ್ಲಿ ರಾಗಿ ಪೂರ್ತಿ ಮುಗಿದಿತ್ತು. ಮಾರನೆಯ ದಿನ ಕಲ್ಲು ಸರಿಸಿದರು, ಅದರ ಮಾರನೆಯ ಬೆಳಗ್ಗೆ ದೀಪ ಇಳಿಸಿದರು. ಇನ್ನು ಯಾರು ಇಳಿಯುವುದು? ಅಪ್ಪ ನೆರೆಯೂರಿನ ಮಕ್ಕಳಿಲ್ಲದ ಒಬ್ಬ ವಿಧುರನ ಹೆಸರು ಹೇಳಿ ಅರ್ಧಕ್ಕೆ ನಿಲ್ಲಿಸಿದ. ಅಜ್ಜಿ ನೆಲ ನೋಡುತ್ತ ಕುಳಿತಿದ್ದಳು. ಚಿಕ್ಕವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಮುಂದೆ ಬರಲಿಲ್ಲ. ಆಗ ಚಿಕ್ಕಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಗ್ಗ ತೆಗೆದು ತಾನೇ ಸೊಂಟಕ್ಕೆ ಕಟ್ಟಿಕೊಂಡ.

“ನಿನ್ನ ಹೆಗಲು ಹಿಡಿಸಾಕಿಲ್ಲ ಕಣ್ಲಾ ಕಾಳ,” ಎಂದಳು ಅಜ್ಜಿ.

“ನೋಡಾನ ಬುಡವ್ವ.”

ಕಾಲು ಇಳಿದವು, ಸೊಂಟ ಇಳಿಯಿತು, ಹೆಗಲು ನಿಂತಿತು. ನಾವೆಲ್ಲ ನೋಡುತ್ತಿದ್ದೆವು. ಅವನು ಸ್ವಲ್ಪ ಯೋಚಿಸಿ, ಒಂದು ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ, ಇನ್ನೊಂದನ್ನು ತೊಡೆಗೆ ಅಂಟಿಸಿ, ಮೈಯನ್ನು ಓರೆ ಮಾಡಿದ. ಅಷ್ಟೇ. ಸಲೀಸಾಗಿ ಇಳಿದುಹೋದ. ಎತ್ತಿದ ಕೈಯ ಬೆರಳುಗಳು ಕೊನೆಯಲ್ಲಿ ಮರೆಯಾದವು. ಹತ್ತು ವರ್ಷದಿಂದ ಹಿಡಿಸದಿದ್ದ ಬಾಯಿ ಅದು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನನ್ನು ಮಾತಾಡಿಸಲು ಕೂರಿಸಿದರು. ನಾನು ಮಲಗಿ ಬಾಯಿಗೆ ಮುಖವಿಟ್ಟೆ, ಆದರೆ ಹಿಂದಿನ ವರ್ಷದ್ದು ನೆನಪಾಗಿ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೆಳಗಿನಿಂದ, ಗಡಿಗೆಯೊಳಗಿನಿಂದ ಬಂದ ಹಾಗೆ, ಚಿಕ್ಕಪ್ಪನೇ ಮಾತಾಡಿದ. ನನ್ನ ಹತ್ತಿರ ಅಲ್ಲ.

“ಯಪ್ಪಾ, ಏನು ಧಗೆ ಕಣಮ್ಮಿ ಇಲ್ಲಿ. ವರ್ಷ ವರ್ಷಾನೂ ಎಂಗೆ ಇರ್ತಿದ್ದೆ ಇದ್ರೊಳಗೆ?”

ಹತ್ತು ವರ್ಷದಲ್ಲಿ ಅವಳ ಬಳಿ ಇದನ್ನು ಯಾರೂ ಕೇಳಿರಲಿಲ್ಲ. ನಾನು ಎಷ್ಟೊಂದು ಪ್ರಶ್ನೆ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ಚಿಕ್ಕವ್ವ ಬಾಗಿಲು ಬಿಟ್ಟು ಅಂಗಳಕ್ಕೆ ಬಂದಳು. ನನ್ನ ಪಕ್ಕದಲ್ಲಿ ಮೊಣಕಾಲೂರಿ ಬಾಯಿಯ ಕಡೆ ಬಾಗಿದಳು. ಅವಳ ಒಂದು ಕೈ ನನ್ನ ಬೆನ್ನ ಮೇಲಿತ್ತು.

“ಮ್ಯಾಲ್ಗಡೆ ಮಾತು ಕೇಳ್ಕಂಡಿರ್ತಿದ್ದೆ. ಮಾತು ಬತ್ತಿದ್ರೆ ಏನೂ ಅನ್ಸಾಕಿಲ್ಲ. ಒಂದ್ಸಲ ಮಾತು ನಿಂತೋಯ್ತು ನೋಡು, ಆವಾಗ್ಲೇ ಭಯ ಆಗಿದ್ದು.”

ಹಾಗಾದರೆ ಬಸ್ಸು ಬಂದದ್ದು ಅದೇ ದಿನ. ಅಕ್ಕ ಒಪ್ಪುವುದಿಲ್ಲ, ಮಾತು ನಿಂತಿತು ಎಂದರೆ ಅವಳಿಗೆ ಕೇಳಿಸುವುದು ನಿಂತಿತು ಎಂದರ್ಥ, ಕೆಟ್ಟ ಗಾಳಿಗೆ ಮೊದಲು ಕಿವಿ ಹೋಗುತ್ತದೆ ಎನ್ನುತ್ತಾಳೆ. ಚಿಕ್ಕವ್ವ ಆಮೇಲೆ ನಲವತ್ತು ವರ್ಷ ಬದುಕಿದ್ದಳು, ನಾನು ಒಂದು ದಿನ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಬೆನ್ನ ಮೇಲಿದ್ದ ಕೈ ಗಟ್ಟಿಯಾಗಿ ಒತ್ತಿತೋ, ಸುಮ್ಮನೆ ಊರಿಕೊಂಡಿತ್ತೋ, ಅದನ್ನೂ ಹೇಳಲಾರೆ.

ಅವತ್ತು ಮಧ್ಯಾಹ್ನದ ತನಕ ಮಕ್ಕರಿಗಳು ಮೇಲೆ ಬಂದವು. ಅಜ್ಜಿ ಕುಳಿತಲ್ಲಿಂದ ಎದ್ದು ಬಂದು ರಾಗಿ ಹರಡಿದಳು. ಚಿಕ್ಕವ್ವ ಬಾಯಿಯ ಬಳಿಯಿಂದ ಏಳಲೇ ಇಲ್ಲ. ಕೆಳಗಿದ್ದವನ ಹತ್ತಿರ ಮಾತಾಡುತ್ತಿದ್ದಳು: ಕೋಳಿಯದೋ, ಗುರುಪುರದ್ದೋ, ಆ ಕುಪ್ಪಸದ ಬಣ್ಣದ್ದೋ. ಏನು ಮಾತಾಡಿದಳೆಂದು ನನಗೂ ನೆನಪಿಲ್ಲ, ಅಕ್ಕನಿಗೂ ನೆನಪಿಲ್ಲ. ಅವನು ಮೇಲೆ ಬರುವ ತನಕ ಅವಳು ಮಾತು ನಿಲ್ಲಿಸಲಿಲ್ಲ ಎಂಬುದು ಮಾತ್ರ ನಮ್ಮಿಬ್ಬರಿಗೂ ನೆನಪಿದೆ.